ಇಂಗ್ಲೆಂಡಿನ ಸ್ಥಳೀಯ ಚರಿತ್ರೆ ಮತ್ತು ಅದರ ಆಕರಗಳು

ಇಂಗ್ಲೆಂಡಿನ ಹಳ್ಳಿ, ಪಟ್ಟಣ ಮತ್ತು ಕೌಂಟಿಗಳ ಗತಕಾಲವನ್ನು ಆಯಾ ಊರಿನ ಹಳೆಯ ದಾಖಲೆಗಳಿಂದ ಕಟ್ಟಿಕೊಡುವ ಅಧ್ಯಯನಶಾಖೆ. ಚರ್ಚಿನ ದಾಖಲೆ ಪುಸ್ತಕ, ಜಮೀನ್ದಾರಿ ನ್ಯಾಯಾಲಯದ ಸುರುಳಿ, ತೆರಿಗೆ ಪಟ್ಟಿ, ಬಡವರ ನೆರವಿನ ಲೆಕ್ಕ, ಭೂನಕ್ಷೆ ಇದರ ಮುಖ್ಯ ಆಕರಗಳು. ಇವುಗಳಲ್ಲಿ ಹೆಚ್ಚಿನವು ಕಂದಾಯ, ದಂಡ, ಆಸ್ತಿಹಕ್ಕುಗಳ ಅಗತ್ಯಕ್ಕೆ ಹುಟ್ಟಿದವು. ಹಾಗಾಗಿಯೇ ಅರಸರ ಚರಿತ್ರೆಯಲ್ಲಿ ಜಾಗ ಸಿಗದ ಒಕ್ಕಲು, ಕೂಲಿಕಾರ, ವಿಧವೆ, ಅನಾಥರ ಹೆಸರುಗಳು ಇವುಗಳಲ್ಲಿ ಉಳಿದುಬಂದಿವೆ.

ಮಧ್ಯಯುಗದ ದಾಖಲೆಗಳು

ನಾರ್ಮನ್ ದೊರೆ ಒಂದನೆಯ ವಿಲಿಯಂ 1085ರ ಕ್ರಿಸ್‌ಮಸ್ ಸಮಯದಲ್ಲಿ ಗ್ಲಾಸ್ಟರ್‌ನಲ್ಲಿ ಆಜ್ಞೆ ಹೊರಡಿಸಿ, ಮರುವರ್ಷ ನಡೆಸಿದ ಸಮೀಕ್ಷೆಯ ಫಲ ಡೂಮ್ಸ್‌ಡೇ ಪುಸ್ತಕ. ಭೂಮಿ ಯಾರದು, ನೇಗಿಲುಗಳೆಷ್ಟು, ಒಕ್ಕಲುಗಳೆಷ್ಟು, ಗಿರಣಿ ಇದೆಯೇ, ಹಿಂದೆ ಮತ್ತು ಈಗ ಆದಾಯವೆಷ್ಟು ಎಂಬ ವಿವರಗಳು ಲ್ಯಾಟಿನ್‌ನಲ್ಲಿ ಇದರಲ್ಲಿವೆ. 13,000ಕ್ಕೂ ಹೆಚ್ಚು ಊರುಗಳ ಹೆಸರು ಇದರಲ್ಲಿದ್ದು, ಹಲವು ಹಳ್ಳಿಗಳ ಮೊದಲ ಲಿಖಿತ ಉಲ್ಲೇಖವೂ ಇದೇ. ಲಂಡನ್, ವಿಂಚೆಸ್ಟರ್ ನಗರಗಳೂ ಡರ್‌ಹ್ಯಾಮ್, ನಾರ್ತಂಬರ್‌ಲ್ಯಾಂಡ್ ಪ್ರದೇಶಗಳೂ ಇದರಲ್ಲಿ ಸೇರಿಲ್ಲ.

13ನೆಯ ಶತಮಾನದಿಂದ ಮ್ಯಾನರ್ ಎಂಬ ಜಮೀನ್ದಾರಿ ಘಟಕಗಳ ನ್ಯಾಯಾಲಯಗಳು ತಮ್ಮ ಕಲಾಪಗಳನ್ನು ಚರ್ಮಪತ್ರದ ಸುರುಳಿಗಳಲ್ಲಿ ಬರೆದಿಡತೊಡಗಿದವು. ದನ ಪರರ ಬೆಳೆಗೆ ನುಗ್ಗಿದ್ದು, ನೀರು ಬೆರೆಸಿದ ಮದ್ಯ ಮಾರಿದ್ದು, ಹೊಲ ಕೈ ಬದಲಾದದ್ದು ಎಲ್ಲವೂ ಅಲ್ಲಿ ದಾಖಲಾಗುತ್ತಿತ್ತು. ಒಕ್ಕಲು ಸತ್ತರೆ ಅವನ ಕೊಟ್ಟಿಗೆಯ ಉತ್ತಮ ಪಶು ಒಡೆಯನಿಗೆ ಸಲ್ಲಬೇಕಿತ್ತು. ಈ ಸಲ್ಲಿಕೆ ಬರೆಯುವಾಗ ಸಾವೂ ದಾಖಲಾಗುತ್ತಿದ್ದುದರಿಂದ, ಬರ್ಮಿಂಗ್‌ಹ್ಯಾಮ್ ಬಳಿಯ ಹೇಲ್ಸೋವೆನ್‌ನಂಥ ಊರುಗಳಲ್ಲಿ 1349ರ ಮಹಾಮಾರಿ ಪ್ಲೇಗು ಎಷ್ಟು ಮನೆಗಳನ್ನು ಬರಿದು ಮಾಡಿತೆಂದು ಇತಿಹಾಸಕಾರರು ಅಂದಾಜು ಮಾಡಬಲ್ಲವರಾದರು.

ಪಟ್ಟಣಗಳಲ್ಲಿ ರಾಜಸನ್ನದುಗಳು ಮುಖ್ಯ. 1200ರಲ್ಲಿ ದೊರೆ ಜಾನ್ ಸನದು ಕೊಟ್ಟ ಮೇಲೆ ಇಪ್ಸ್‌ವಿಚ್‌ನ ಜನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಸೇರಿ ತಮ್ಮ ಅಧಿಕಾರಿಗಳನ್ನು ತಾವೇ ಆರಿಸಿಕೊಂಡರು. ಯಾರ್ಕ್ ನಗರದ ಪೌರರ ಪಟ್ಟಿ 1272ರಿಂದ ಉಳಿದುಬಂದಿದ್ದು, ಅಲ್ಲಿನ ಕಸುಬುಗಳ ಏಳುಬೀಳನ್ನು ತಿಳಿಸುತ್ತದೆ.

ಪ್ಯಾರಿಷ್ ದಾಖಲೆಗಳು

ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್‌ನಲ್ಲೂ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞಾಪಿಸಿದ. 1837ರ ಜುಲೈ 1ರಂದು ಸರ್ಕಾರಿ ನೋಂದಣಿ ಆರಂಭವಾಗುವವರೆಗೆ ಸಾಮಾನ್ಯರ ಹುಟ್ಟುಸಾವುಗಳಿಗೆ ಈ ಪುಸ್ತಕಗಳೇ ಮುಖ್ಯ ಸಾಕ್ಷ್ಯ.

1601ರ ಬಡವರ ಕಾನೂನು ನಿರ್ಗತಿಕರ ಹೊಣೆಯನ್ನು ಪ್ಯಾರಿಷ್‌ಗೆ ವಹಿಸಿತು. ಅಂಥವರು ಯಾವ ಊರಿಗೆ ಸೇರಿದವರೆಂದು ತೀರ್ಮಾನಿಸುವ ನಿಯಮ 1662ರಲ್ಲಿ ಬಂತು. ನೆರವು ಕೇಳಿದವರನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ಹುಟ್ಟಿದ್ದೆಲ್ಲಿ, ಯಾರ ಮನೆಯಲ್ಲಿ ಎಷ್ಟು ಕಾಲ ಚಾಕರಿ, ಮದುವೆಯಾದದ್ದೆಲ್ಲಿ, ಮಕ್ಕಳೆಷ್ಟು ಎಂದು ಕೇಳಿ ಉತ್ತರಗಳನ್ನು ಬರೆದುಕೊಳ್ಳುತ್ತಿದ್ದರು. ಓದುಬರಹ ಬಾರದ ಎಷ್ಟೋ ಮಂದಿಯ ಜೀವನಕಥೆ ಉಳಿದಿರುವುದು ಈ ಒಂದೊಂದು ಹಾಳೆಯಲ್ಲಿ ಮಾತ್ರ.

1662ರಿಂದ 1689ರವರೆಗೆ ಒಂದು ಒಲೆಗೆ ವರ್ಷಕ್ಕೆ 2 ಷಿಲಿಂಗ್‌ನಂತೆ ವಸೂಲಾದ ಒಲೆ ತೆರಿಗೆಯ ಪಟ್ಟಿಗಳಿಂದ ಮನೆಗಳ ಗಾತ್ರ, ಊರಿನ ಸಿರಿವಂತಿಕೆ ತಿಳಿಯುತ್ತದೆ. ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು 1836ರಲ್ಲಿ ನಗದಿಗೆ ಬದಲಿಸಿದಾಗ ತಯಾರಾದ ನಕ್ಷೆಗಳು ಪ್ರತಿ ಹೊಲದ ಹೆಸರು, ಒಡೆಯ, ಸಾಗುವಳಿದಾರ, ವಿಸ್ತೀರ್ಣಗಳನ್ನು ಕೊಡುತ್ತವೆ.

ಚರಿತ್ರಕಾರರು

ವಿಲಿಯಂ ಲ್ಯಾಂಬಾರ್ಡ್ ಕೆಂಟ್ ಕುರಿತು ಬರೆದು 1576ರಲ್ಲಿ ಪ್ರಕಟವಾದ ಗ್ರಂಥ ಮೊದಲ ಕೌಂಟಿ ಚರಿತ್ರೆ. ವಿಲಿಯಂ ಕ್ಯಾಮ್ಡನ್‌ನ ‘ಬ್ರಿಟಾನಿಯಾ’ (1586), ಜಾನ್ ಸ್ಟೋನ ಲಂಡನ್ ಸಮೀಕ್ಷೆ (1598), ವಿಲಿಯಂ ಡಗ್ಡೇಲ್‌ನ ವಾರಿಕ್‌ಷೈರ್ ಚರಿತ್ರೆ (1656) ಈ ಪರಂಪರೆಯನ್ನು ಬೆಳೆಸಿದವು. ಕೌಂಟಿ ಚರಿತ್ರೆಗಳ ಒಲವು ಹೆಚ್ಚಾಗಿ ಜಮೀನ್ದಾರಿ ಮನೆತನಗಳ ವಂಶಾವಳಿಯತ್ತ ಇತ್ತು.

ಇದಕ್ಕೆ ದೊಡ್ಡ ಅಪವಾದ ಷ್ರಾಪ್‌ಷೈರ್‌ನ ಮಿಡಲ್ ಗ್ರಾಮದ ರಿಚರ್ಡ್ ಗಫ್ (1635–1723). 1700ರ ಸುಮಾರಿಗೆ ಈತ ತನ್ನ ಊರಿನ ಚರ್ಚಿನಲ್ಲಿ ಯಾವ ಬೆಂಚು ಯಾವ ಮನೆಗೆ ಸೇರಿದ್ದೆಂದು ನಕ್ಷೆ ಬರೆದು, ಬೆಂಚಿನ ಸಾಲನ್ನೇ ಅನುಸರಿಸಿ ಒಂದೊಂದು ಕುಟುಂಬದ ಕಥೆಯನ್ನು ಹೇಳಿದ. ಜಗಳ, ಸಾಲ, ಕುಡಿತ, ಒಳ್ಳೆಯತನ ಎಲ್ಲಕ್ಕೂ ಅಲ್ಲಿ ಜಾಗವುಂಟು. ದೊರೆಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ ಮಿಡಲ್, ಮಾರ್ಟನ್, ನ್ಯೂಟನ್ ಎಂಬ ಮೂರು ಊರುಗಳಿಂದ ದೊರೆಯ ಪರ ಹೋದ 20 ಜನರಲ್ಲಿ 13 ಮಂದಿ ಸತ್ತರೆಂಬ ಲೆಕ್ಕ ನಮಗೆ ಸಿಕ್ಕಿರುವುದು ಅವನಿಂದ.

ಆಧುನಿಕ ಅಧ್ಯಯನ

ಸಾರ್ವಜನಿಕ ದಾಖಲೆ ಕಚೇರಿ 1838ರ ಕಾನೂನಿನಿಂದ ಸ್ಥಾಪನೆಯಾಯಿತು. ಎಲ್ಲ ಕೌಂಟಿಗಳ ಚರಿತ್ರೆ ಬರೆಯುವ ‘ವಿಕ್ಟೋರಿಯಾ ಕೌಂಟಿ ಹಿಸ್ಟರಿ’ ಯೋಜನೆ 1899ರಲ್ಲಿ ಆರಂಭವಾಗಿ ಇನ್ನೂ ಮುಂದುವರಿದಿದೆ. ಬೆಡ್‌ಫರ್ಡ್‌ಷೈರ್ 1913ರಲ್ಲಿ ಮೊದಲ ಕೌಂಟಿ ದಾಖಲಾಲಯವನ್ನು ತೆರೆಯಿತು. ಲೆಸ್ಟರ್‌ನಲ್ಲಿ ಈ ವಿಷಯದ ಅಧ್ಯಯನ ವಿಭಾಗ ಕಟ್ಟಿದ ಡಬ್ಲ್ಯು.ಜಿ. ಹಾಸ್ಕಿನ್ಸ್ ಹೊಲ, ಬೇಲಿ, ಹಾದಿಗಳನ್ನೂ ದಾಖಲೆಯಂತೆ ಓದಬೇಕೆಂದು 1955ರ ತಮ್ಮ ಕೃತಿಯಲ್ಲಿ ತೋರಿಸಿಕೊಟ್ಟರು. ಇ.ಎ. ರಿಗ್ಲಿ ಡೆವನ್‌ನ ಕಾಲಿಟನ್ ಪ್ಯಾರಿಷ್‌ನ ಪುಸ್ತಕಗಳಿಂದ ಕುಟುಂಬಗಳನ್ನು ಒಂದೊಂದಾಗಿ ಜೋಡಿಸಿ, 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಮದುವೆಯ ಸರಾಸರಿ ವಯಸ್ಸು ಮೂವತ್ತರ ಹತ್ತಿರವಿತ್ತೆಂದು 1966ರಲ್ಲಿ ತೋರಿಸಿದರು.

ಓದುವಾಗಿನ ಎಚ್ಚರಗಳು

1752ರ ಮೊದಲು ಇಂಗ್ಲೆಂಡಿನ ಅಧಿಕೃತ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. 1700ರ ಫೆಬ್ರವರಿ ಎಂದು ಬರೆದದ್ದು ಇಂದಿನ ಲೆಕ್ಕದಲ್ಲಿ 1701. ನ್ಯಾಯಾಲಯದ ಸುರುಳಿಗಳು ಸಾಮಾನ್ಯವಾಗಿ 1733ರವರೆಗೆ ಲ್ಯಾಟಿನ್‌ನಲ್ಲಿವೆ. ಪ್ಯಾರಿಷ್ ಪುಸ್ತಕದಲ್ಲಿರುವುದು ದೀಕ್ಷಾಸ್ನಾನದ ದಿನ, ಹುಟ್ಟಿದ ದಿನವಲ್ಲ. ಅನ್ಯಪಂಥೀಯರು ಎಷ್ಟೋ ಸಲ ಅದರಲ್ಲಿ ಬರುವುದೇ ಇಲ್ಲ. ಜಮೀನಿಲ್ಲದವರೂ ಹೆಂಗಸರೂ ಮ್ಯಾನರ್ ದಾಖಲೆಗಳಲ್ಲಿ ಕಾಣುವುದು ಕಡಿಮೆ. ಆದ್ದರಿಂದ ಒಂದೇ ಕಡತವನ್ನು ನಂಬದೆ, ತೆರಿಗೆ ಪಟ್ಟಿಯಲ್ಲಿ ಸಿಕ್ಕವನನ್ನು ಉಯಿಲಿನಲ್ಲಿ, ಉಯಿಲಿನ ವಿಧವೆಯನ್ನು ಬಡವರ ನೆರವಿನ ಲೆಕ್ಕದಲ್ಲಿ ಹುಡುಕುತ್ತ ಹೋಗುವುದು ಈ ಅಧ್ಯಯನದ ಮೂಲ ಕ್ರಮ. ಹೆಸರಿಂದ ಹೆಸರಿಗೆ ಹೀಗೆ ಗಂಟು ಹಾಕಿದಾಗಲೇ ಒಂದು ಊರಿನ ಎಲ್ಲ ಅಂತಸ್ತಿನವರೂ ಚರಿತ್ರೆಯೊಳಗೆ ಬರುತ್ತಾರೆ.