ಬೆತ್ತವೋ, ಚಪಾತಿಯ ಚೂರೋ?

ಜಯನಗರದ ನಮ್ಮ ಪಾರ್ಕಿನಲ್ಲಿ ದಿನವೂ ಬೆಳಿಗ್ಗೆ ಹುಡುಗಿಯೊಬ್ಬಳು ತನ್ನ ನಾಯಿಗೆ ಪಾಠ ಹೇಳುತ್ತಾಳೆ. ಹೇಳಿದಂತೆ ಕೂತರೆ ಚಪಾತಿಯ ಚೂರು. ಕೂರದಿದ್ದರೆ ಏನೂ ಇಲ್ಲ, ಅಷ್ಟೆ. ಬೈಗುಳವಿಲ್ಲ, ಏಟಿಲ್ಲ. ನೋಡಿ ನನಗೆ ನಾಚಿಕೆಯಾಯಿತು. ನನ್ನ ರಾಜನನ್ನು ನಾನು ಪಳಗಿಸಿದ್ದು ಬೆತ್ತದಿಂದ. ಕರೆದರೆ ಬರುತ್ತಿತ್ತು, ನಿಜ. ಹೊಟ್ಟೆಯನ್ನು ನೆಲಕ್ಕೆ ಒರಸಿಕೊಂಡು ಬರುತ್ತಿತ್ತು. ಅದನ್ನು ನಾನು ವಿಧೇಯತೆ ಎಂದುಕೊಂಡಿದ್ದೆ!

ತಪ್ಪು ನನ್ನೊಬ್ಬನದಲ್ಲವೆನ್ನಿ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಬಲವಂತಕ್ಕೇ ದೊಡ್ಡ ಮಣೆ ಹಾಕಿತ್ತು. ಫಲ ದೊರೆತ ನಡತೆ ಮರುಕಳಿಸುತ್ತದೆಂದು ಅಮೆರಿಕದ ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಇಲಿಗಳ ಮೂಲಕ ತೋರಿಸಿದರು. ಆ ತಿಳಿವು ನಾಯಿ ಸಾಕುವವರ ಮನೆಗಳಿಗೆ ತಲಪುವುದರಲ್ಲಿ 1984ರ ಕರೆನ್ ಪ್ರಯರ್ ಅವರ ಪುಸ್ತಕದ ಪಾಲು ದೊಡ್ಡದು. ಆಕೆ ಡಾಲ್ಫಿನ್ನುಗಳನ್ನು ಪಳಗಿಸಿದವರು. ಈಜಿ ದೂರ ಹೋಗಿಬಿಡುವ ಪ್ರಾಣಿಗೆ ಬೆತ್ತ ತೋರಿಸುವುದೆಲ್ಲಿ ಬಂತು?

ನಾಯಿಯ ಮೇಲಿನ ಅಕ್ಕರೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೋಡಿ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ, ಬೇಕಾದ್ದನ್ನು ಕೇಳೆಂದ. ಮಣಲೇರ ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು; ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವ ಉಣ್ಣುವಂತಿರಲಿಲ್ಲ. ಕಾಳಿಯನ್ನು ಪಳಗಿಸಿದ ಬಗೆಯನ್ನು ಮಾತ್ರ ಶಾಸನ ಹೇಳುವುದಿಲ್ಲ.

ರಾಜ ಸತ್ತಾಗ ನಾನು ಅದರ ಸರಪಣಿಯನ್ನು ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕಿದ್ದೆ.