ಗುಂಡು ಕೈಯ ಮಾತು ಕೇಳುವುದೇ?

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಮಾಲ್‌ಗಳಲ್ಲಿ ಭಾನುವಾರ ಸಂಜೆ ಒಂದು ದೃಶ್ಯ ಸಾಮಾನ್ಯ. ಗಾಜಿನ ಪೆಟ್ಟಿಗೆಯ ತುಂಬ ಬೊಂಬೆಗಳು. ಮೇಲಿನಿಂದ ಇಳಿಯುವ ಉಕ್ಕಿನ ಕೊಕ್ಕೆ. ಉಸಿರು ಬಿಗಿಹಿಡಿದು ಅದನ್ನು ಅತ್ತಿತ್ತ ಸರಿಸುವ ಒಬ್ಬ ಹುಡುಗ. ಕೊಕ್ಕೆ ಕರಡಿಮರಿಯ ಕಿವಿ ಹಿಡಿದು ಮೇಲಕ್ಕೆತ್ತುತ್ತದೆ, ಇನ್ನೇನು ಬಂತು ಎನ್ನುವಾಗ ಸಡಿಲಗೊಂಡು ಕೈಬಿಡುತ್ತದೆ. ‘ಇನ್ನೊಂದ್ಸಲ ಆಡಿದ್ರೆ ಸಿಗುತ್ತೆ ಅಪ್ಪಾ’ ಎಂದು ಹುಡುಗ ಗೋಗರೆಯುತ್ತಾನೆ. ‘ಅದಕ್ಕೆಲ್ಲ ಅದೃಷ್ಟ ಬೇಕು ಕಣೋ’ ಎಂದು ಅಪ್ಪ ಸಮಾಧಾನ ಹೇಳುತ್ತಾನೆ.

ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಇಂಥ ಅನೇಕ ಯಂತ್ರಗಳಲ್ಲಿ ಕೊಕ್ಕೆಯ ಹಿಡಿತ ಎಷ್ಟು ಬಿಗಿ ಇರಬೇಕು, ಎಷ್ಟು ಆಟಕ್ಕೊಮ್ಮೆ ಬಿಗಿ ಆಗಬೇಕು ಎಂಬುದನ್ನು ಮಾಲೀಕನೇ ಮೊದಲೇ ನಿಗದಿ ಮಾಡಿಡಬಹುದು. ಹೀಗಾಗಿ ಆಟದಲ್ಲಿ ಆಡುವವನ ಕೈಚಳಕ ಮತ್ತು ಅದೃಷ್ಟದ ಜತೆಗೆ ಮೂರನೆಯದೊಂದು ಸೇರಿಕೊಳ್ಳುತ್ತದೆ: ಯಂತ್ರದ ಬೀಗದ ಕೈ ಇಟ್ಟುಕೊಂಡವನ ಮರ್ಜಿ. ಶಕುನಿಯ ದಾಳದ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಮಕ್ಕಳ ಜಗಳದಂತೆ ಕಾಣುತ್ತದೆ. ಆದರೆ ಭಾರತದ ನ್ಯಾಯಾಲಯಗಳು ಸುಮಾರು 70 ವರ್ಷಗಳಿಂದ ಇದನ್ನೇ ಕೇಳುತ್ತ ಬಂದಿವೆ, ಆ ಮೊಕದ್ದಮೆಗಳಲ್ಲಿ ಬೆಂಗಳೂರಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಮೊದಲು ಅಮೆರಿಕದ ಒಂದು ಯಂತ್ರದ ಕಥೆ ತಿಳಿಯುವುದು ಒಳ್ಳೆಯದು. ಏಕೆಂದರೆ ಈ ಪ್ರಶ್ನೆಗೆ ವಾದದಿಂದಲ್ಲದೆ ಆಡಿ ತೋರಿಸಿ ಉತ್ತರ ಕೊಟ್ಟವರು ಅಲ್ಲಿದ್ದಾರೆ.

ಪಿನ್‌ಬಾಲ್ ನಮ್ಮಲ್ಲಿ ಅಷ್ಟಾಗಿ ಬೇರೂರಿದ ಆಟವಲ್ಲ. ಒಂದು ತಲೆಮಾರಿನ ಬೆಂಗಳೂರಿಗರಿಗೆ ಅದು ಗೊತ್ತಿರುವುದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನೊಂದಿಗೆ ಪುಕ್ಕಟೆ ಬರುತ್ತಿದ್ದ ಆಟವಾಗಿ. ಅದಕ್ಕೂ ಹಿಂದಿನವರಿಗೆ, ಹಲಗೆಗೆ ಮೊಳೆ ಹೊಡೆದು ಗೋಲಿ ಉರುಳಿಸುವ ಬ್ಯಾಗಟೆಲ್ ಎಂಬ ಆಟಿಕೆಯಾಗಿ. ಈ ಬ್ಯಾಗಟೆಲ್ಲೇ ಪಿನ್‌ಬಾಲ್‌ನ ತಾಯಿ. ಫ್ರಾನ್ಸಿನ ಶ್ರೀಮಂತರ ಮನೆಗಳಲ್ಲಿ ಕೋಲಿನಿಂದ ಆಡುತ್ತಿದ್ದ ಈ ಮೇಜಿನಾಟಕ್ಕೆ, ಅಮೆರಿಕದ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬ ಇಂಗ್ಲಿಷಿನವ 1871ರಲ್ಲಿ ಸ್ಪ್ರಿಂಗ್ ಹಿಡಿಕೆ ಜೋಡಿಸಿ ಪೇಟೆಂಟ್ ಪಡೆದ. 1931ರಲ್ಲಿ ಷಿಕಾಗೋದ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಎಂಬ, ಒಂದು ಪೆನ್ನಿ ಹಾಕಿ ಆಡುವ ಯಂತ್ರ ತಂದ. ಅಮೆರಿಕ ಆಗ ಆರ್ಥಿಕ ಕುಸಿತದಲ್ಲಿತ್ತು. ಕೆಲಸವಿಲ್ಲದವನೂ ಒಂದು ಪೆನ್ನಿ ಖರ್ಚು ಮಾಡಿ ಸ್ವಲ್ಪ ಹೊತ್ತು ಕಳೆಯಬಹುದಾದ ಆಟ ಅದು. ಯಂತ್ರಗಳು ದೇಶವೆಲ್ಲ ಹರಡಿದವು.

ಆ ಕಾಲದ ಯಂತ್ರದಲ್ಲಿ ಆಡುವವನಿಗೆ ಮಾಡಲು ಇದ್ದದ್ದು ಬಹಳ ಕಡಿಮೆ. ಸ್ಪ್ರಿಂಗ್ ಎಳೆದು ಬಿಟ್ಟ ಮೇಲೆ ಗುಂಡು ಮೊಳೆಗಳಿಗೆ ತಾಗುತ್ತ ಎತ್ತ ಉರುಳುತ್ತದೋ ಅತ್ತ. ಹೆಚ್ಚೆಂದರೆ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಬಹುದಿತ್ತು. ಅದಕ್ಕೂ ಹ್ಯಾರಿ ವಿಲಿಯಮ್ಸ್ ಎಂಬ ತಯಾರಕ, ಅತಿಯಾಗಿ ಅಲುಗಿಸಿದರೆ ಆಟವೇ ನಿಲ್ಲುವ ‘ಟಿಲ್ಟ್’ ಎಂಬ ಏರ್ಪಾಟನ್ನು ಆ ದಶಕದಲ್ಲೇ ಕಂಡುಹಿಡಿದ. ಹೀಗಿರುವಾಗ ಇದನ್ನು ಜೂಜು ಎಂದವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮಕ್ಕಳ ಊಟದ ಕಾಸನ್ನು ಈ ಯಂತ್ರಗಳು ನುಂಗುತ್ತವೆ ಎಂದು ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ 1942ರ ಜನವರಿಯಲ್ಲಿ ಪಿನ್‌ಬಾಲ್ ನಿಷೇಧ ಜಾರಿಗೆ ತಂದ. ಪೊಲೀಸರು ಯಂತ್ರಗಳನ್ನು ಜಪ್ತಿ ಮಾಡಿದರು. ಮೇಯರ್ ತಾನೇ ಸುತ್ತಿಗೆ ಹಿಡಿದು ಅವನ್ನು ಒಡೆಯುತ್ತಿರುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ನಿಷೇಧ ಬಂದ ಐದು ವರ್ಷಕ್ಕೆ ಯಂತ್ರವೇ ಬದಲಾಯಿತು. 1947ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮಾಬ್ಸ್ ವಿನ್ಯಾಸಗೊಳಿಸಿದ ‘ಹಂಪ್ಟಿ ಡಂಪ್ಟಿ’ಗೆ ಆರು ಫ್ಲಿಪ್ಪರ್‌ಗಳಿದ್ದವು. ಗುಂಡಿ ಒತ್ತಿದರೆ ಪಟಕ್ಕನೆ ಮೇಲೇಳುವ ಪುಟ್ಟ ರೆಕ್ಕೆಗಳಿವು. ಮರುವರ್ಷ ಸ್ಟೀವ್ ಕೊರ್ಡೆಕ್ ಅವನ್ನು ಎರಡಕ್ಕಿಳಿಸಿ, ಇಳಿಜಾರಿನ ತಳದಲ್ಲಿ ಇಟ್ಟ. ಇಂದಿಗೂ ಅದೇ ಏರ್ಪಾಟು. ಅದೃಷ್ಟದ ಪೆಟ್ಟಿಗೆ ಕೈಯಾಟದ ಪೆಟ್ಟಿಗೆಯಾಯಿತು. ಆದರೆ ನ್ಯೂಯಾರ್ಕಿನ ಕಾನೂನಿಗೆ ಇದು ಅರಿವಾಗಲು ಇನ್ನೂ ಸುಮಾರು ಮೂವತ್ತು ವರ್ಷ ಬೇಕಾಯಿತು.

ನಿಜವಾದ ಯಂತ್ರದ ಮುಂದೆ ಪಳಗಿದ ಹವ್ಯಾಸಿಯೊಬ್ಬ ಏನು ಮಾಡಬಲ್ಲ? ಗುಂಡು ಸುಮಾರು 80 ಗ್ರಾಂ ತೂಗುವ ಉಕ್ಕಿನದು, ವ್ಯಾಸ 27 ಮಿಲಿಮೀಟರ್. ಹಲಗೆಯ ಇಳಿಜಾರು ಆರೂವರೆ ಡಿಗ್ರಿ ಆಸುಪಾಸು. ಹೊಸಬ ಗುಂಡು ಹತ್ತಿರ ಬಂದೊಡನೆ ಗಾಬರಿಯಿಂದ ಎರಡೂ ಗುಂಡಿಗಳನ್ನು ಬಡಿಯುತ್ತಾನೆ. ರೆಕ್ಕೆಗಳ ನಡುವಿನ ಸಂದಿಯಲ್ಲಿ ಗುಂಡು ಜಾರಿಹೋಗುತ್ತದೆ. ಪಳಗಿದವನು ಎಷ್ಟೋ ಸಲ ಗುಂಡಿಯನ್ನೇ ಒತ್ತುವುದಿಲ್ಲ. ಬರುವ ಗುಂಡನ್ನು ಸುಮ್ಮನಿರುವ ಒಂದು ರೆಕ್ಕೆಗೆ ತಾಗಿ ಪುಟಿದು ಇನ್ನೊಂದರ ಕಡೆಗೆ ಹೋಗಲು ಬಿಡುತ್ತಾನೆ. ಅಲ್ಲಿ ರೆಕ್ಕೆಯನ್ನು ಎತ್ತಿಹಿಡಿದು, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಗುಂಡನ್ನು ನಿಲ್ಲಿಸಿಕೊಳ್ಳುತ್ತಾನೆ. ಆಮೇಲೆ ರೆಕ್ಕೆ ಇಳಿಸಿ, ಉರುಳುವ ಗುಂಡು ಬೇಕಾದ ಜಾಗಕ್ಕೆ ಬಂದಾಗ ಹೊಡೆಯುತ್ತಾನೆ. ಸೆಕೆಂಡಿನ ಸಣ್ಣ ಪಾಲಿನಷ್ಟು ಹಿಂದುಮುಂದಾದರೂ ಗುಂಡು ಬೇರೆ ದಿಕ್ಕು ಹಿಡಿಯುತ್ತದೆ. ಪೆಟ್ಟಿಗೆಯನ್ನು ಅಂಗೈಯಿಂದ ಎಷ್ಟು ತಳ್ಳಿದರೆ ಗುಂಡಿನ ದಾರಿ ಬದಲಾಗುತ್ತದೆ, ಆದರೆ ಟಿಲ್ಟ್ ಆಗುವುದಿಲ್ಲ ಎಂಬ ಲೆಕ್ಕವೂ ಅವನ ಅಂಗೈಯಲ್ಲಿರುತ್ತದೆ. ಕೇರಂ ಬೋರ್ಡಿನ ಮುಂದೆ ಕೂತು ಬೆಳೆದವರಿಗೆ ಈ ಲೆಕ್ಕದ ಪರಿಚಯ ಉಂಟು. ಕೇರಂನಲ್ಲಿ ಕಾಯಿ ಕಾಯುತ್ತದೆ, ಇಲ್ಲಿ ಗುಂಡು ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದೇ ಗುಂಡಿನಲ್ಲಿ ಹೊಸಬ ಪಳಗಿದವನನ್ನು ಸೋಲಿಸಬಹುದು. ಒಂದು ಪೂರ್ತಿ ಆಟದಲ್ಲಿ ಅಪರೂಪಕ್ಕೆ ಸೋಲಿಸಬಹುದು. ಹತ್ತು ಆಟ ಆಡಿದರೆ ಮಾತ್ರ ಯಾರು ಯಾರೆಂಬುದು ಬಯಲಾಗುತ್ತದೆ. ಕೌಶಲದ ಆಟಕ್ಕೂ ಜೂಜಿಗೂ ಇರುವ ಗೆರೆಯನ್ನು ಎಳೆಯಬೇಕಾದದ್ದು ಇಲ್ಲೇ. ಅದೃಷ್ಟ ಇದೆಯೇ ಇಲ್ಲವೇ ಎಂದು ನೋಡಿ ಪ್ರಯೋಜನವಿಲ್ಲ. ಆಡುತ್ತ ಆಡುತ್ತ ಅದೃಷ್ಟ ಕರಗುತ್ತದೆಯೇ ಎಂದು ನೋಡಬೇಕು. ಚೌಕಾಬಾರದಲ್ಲಿ ಕವಡೆ ಎಲ್ಲರಿಗೂ ಒಂದೇ ಥರ ಬೀಳುತ್ತದೆ, ಆದರೂ ಅಜ್ಜಿಯರೇ ಗೆಲ್ಲುತ್ತಾರಲ್ಲ!

1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರಸಭೆಯ ಸಮಿತಿಯ ಮುಂದೆ ಈ ವಾದವನ್ನು ಮಂಡಿಸಲು ಬಂದವನು 27ರ ಹರೆಯದ ರೋಜರ್ ಶಾರ್ಪ್. ವಕೀಲನಲ್ಲ, ಪತ್ರಿಕೆಯೊಂದರ ಬರಹಗಾರ. ಸಭಾಂಗಣಕ್ಕೆ ಎರಡು ಯಂತ್ರ ತಂದಿದ್ದರು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಮೊದಲನೆಯದರಲ್ಲಿ ಏನೋ ಕೈವಾಡ ಇರಬಹುದೆಂದು ಶಂಕಿಸಿದ ಸದಸ್ಯನೊಬ್ಬ ಎರಡನೆಯದರ ಮೇಲೆ ಆಡು ಎಂದ. ಶಾರ್ಪ್ ಯಾವ ಕಡೆಗೆ ಹೊಡೆಯುತ್ತೇನೆಂದು ಮೊದಲೇ ಹೇಳಿ ಹೊಡೆಯುತ್ತ ಹೋದ. ಕೊನೆಗೆ ಸ್ಪ್ರಿಂಗ್ ಹಿಡಿಕೆ ಎಳೆಯುವ ಮುನ್ನ, ಗುಂಡು ಮೇಲಿನ ನಡುಗಾಲುವೆಯಲ್ಲೇ ಇಳಿಯುತ್ತದೆ ಎಂದ. ಹಾಗೆಯೇ ಇಳಿಯಿತು. ಸಮಿತಿ ನಿಷೇಧ ತೆಗೆಯುವ ಪರ ಮತ ಹಾಕಿತು. ಆ ಕೊನೆಯ ಹೊಡೆತದಲ್ಲಿ ಅದೃಷ್ಟದ ಪಾಲೂ ಇತ್ತೆಂದು ಮುಂದೆ ಶಾರ್ಪ್ ತಾನೇ ಒಪ್ಪಿಕೊಂಡಿದ್ದಾನೆ. ಸಾಕ್ಷಿಯಾಗಿ ತೂಕವಿದ್ದದ್ದು ಅದಕ್ಕೆ ಮೊದಲಿನ ಆಟಕ್ಕೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ಅದೃಷ್ಟದ ಹೊಡೆತ! ಆತನ ಮಕ್ಕಳಾದ ಜಾಶ್ ಮತ್ತು ಜ್ಯಾಕ್ ಈಗ ಹವ್ಯಾಸಿ ಆಟಗಾರರಿಗೆ ಜಾಗತಿಕ ಶ್ರೇಯಾಂಕ ಕೊಡುವ ಪಿನ್‌ಬಾಲ್ ಸಂಘದ ಮುಂಚೂಣಿಯಲ್ಲಿದ್ದಾರೆ.

ಇನ್ನು ಬೆಂಗಳೂರಿನ ಕಡೆ ಬರೋಣ. ಇಲ್ಲಿನ ಕಥೆ ಶುರುವಾಗುವುದು ಯಂತ್ರದಿಂದಲ್ಲ, ಪದಬಂಧದಿಂದ. 1950ರ ಸುಮಾರಿಗೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್ ಎಂಬ ಬಹುಮಾನದ ಪದಬಂಧ ನಡೆಸುತ್ತಿತ್ತು. ಮುಂಬಯಿ ರಾಜ್ಯದಲ್ಲೂ ಅದಕ್ಕೆ ಅಪಾರ ಗಿರಾಕಿ. ಅಲ್ಲಿನ ಸರ್ಕಾರ ಕಾನೂನು ತಿದ್ದಿ ತೆರಿಗೆ ಹಾಕಿತು. ಪತ್ರಿಕೆಯವರು ಕೋರ್ಟಿಗೆ ಹೋದರು. ಸಂಘಟಕರು ಮೊದಲೇ ಬರೆದಿಟ್ಟುಕೊಂಡ ಉತ್ತರಕ್ಕೆ ನಿಮ್ಮ ಉತ್ತರ ತಾಳೆಯಾದರೆ ಬಹುಮಾನ. ಇದು ಪದಜ್ಞಾನವೋ ಊಹೆಯೋ? ಊಹೆಯೇ, ಆದ್ದರಿಂದ ಜೂಜು, ಜೂಜಿಗೆ ವ್ಯಾಪಾರದ ಹಕ್ಕಿಲ್ಲ ಎಂದು 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಗೆಲುವು ಗಣನೀಯ ಮಟ್ಟಿಗೆ ಕೌಶಲವನ್ನು ಅವಲಂಬಿಸಿದ ಸ್ಪರ್ಧೆ ಜೂಜಲ್ಲ ಎಂದೂ ಹೇಳಿತು. ಮುಂದಿನ ಮೊಕದ್ದಮೆಗಳೆಲ್ಲ ಈ ಎರಡು ಮಾತುಗಳ ನಡುವೆ ಓಡಾಡಿವೆ. 1960ರ ದಶಕದ ಕೊನೆಗೆ, ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು ಆಡಬೇಕಾದ್ದರಿಂದ ರಮ್ಮಿ ಕೌಶಲದ ಆಟ ಎಂಬ ತೀರ್ಪು ಬಂತು.

ಪಿನ್‌ಬಾಲ್‌ಗೆ ಹತ್ತಿರದ ಪ್ರಕರಣ ಬಂದದ್ದು ವಿಡಿಯೊ ಗೇಮ್ ಪಾರ್ಲರ್‌ಗಳ ಕಾಲದಲ್ಲಿ. ಟೋಕನ್ ಕೊಂಡು ಹಾಕುವುದು, ಕೋಲು ತಿರುಗಿಸುವುದು, ಹಿಂದೆ ನಿಂತ ನಾಲ್ಕು ಜನ ಸಲಹೆ ಕೊಡುವುದು. ಆ ಕಾಲದಲ್ಲಿ ಯಶವಂತಪುರದಲ್ಲೋ ಆರ್.ಟಿ. ನಗರದಲ್ಲೋ ಹುಡುಗರಾಗಿದ್ದವರಿಗೆ ಈ ಸಡಗರವನ್ನು ವಿವರಿಸಬೇಕಾಗಿಲ್ಲ. ಆದರೆ ಪಾರ್ಲರ್ ಎಂಬ ಹೆಸರಿನಡಿ ಎರಡು ಬಗೆಯ ಯಂತ್ರಗಳಿದ್ದವು. ಒಂದು ಓಡುವ, ಹಾರುವ, ಗುಂಡು ಹಾರಿಸುವ ಆಟದ್ದು. ಇನ್ನೊಂದು ಪರದೆಯ ಮೇಲೆ ಇಸ್ಪೀಟು, ಕುದುರೆ ತೋರಿಸಿ ಹಣ ಕಟ್ಟಿಸಿಕೊಳ್ಳುವಂಥದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ 1989ರಲ್ಲಿ ಬೆಂಗಳೂರು ನಗರದ ಮನರಂಜನಾ ಸ್ಥಳಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಆದೇಶ ಹೊರಟಿತು. ಪಾರ್ಲರ್ ಮಾಲೀಕರು ಇದನ್ನು ಪ್ರಶ್ನಿಸಿ ದೆಹಲಿಯವರೆಗೆ ಹೋದರು.

ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಆ ಪ್ರಕರಣದ ತೀರ್ಪು 1995ರ ಏಪ್ರಿಲ್‌ನಲ್ಲಿ ಬಂತು. ಯಾವ ಆಟವೂ ಬರೀ ಕೌಶಲದ್ದಲ್ಲ, ಹೆಚ್ಚಿನವುಗಳಲ್ಲಿ ಎರಡೂ ಬೆರೆತಿರುತ್ತವೆ, ಯಾವುದರ ಪಾಲು ಹೆಚ್ಚೆಂದು ನೋಡಬೇಕು ಎಂದಿತು ಸುಪ್ರೀಂ ಕೋರ್ಟ್. ಆದರೆ ಯಂತ್ರವನ್ನು ಮಾಲೀಕ ತನಗೆ ಬೇಕಾದಂತೆ ತಿರುಚಿಟ್ಟರೆ ಎಂಥ ನುರಿತ ಆಟಗಾರನ ಕೌಶಲವೂ ಕೆಲಸಕ್ಕೆ ಬಾರದು. ಆದ್ದರಿಂದ ಲೈಸೆನ್ಸ್ ಕೇಳುವುದು, ನಿಯಂತ್ರಿಸುವುದು ಸರ್ಕಾರಕ್ಕೆ ಬಿಟ್ಟದ್ದು, ಕೌಶಲದ ಆಟವಾದರೂ ನಿಯಂತ್ರಣದಿಂದ ಹೊರಗಲ್ಲ. ಪೊಲೀಸರ ಆದೇಶ ಉಳಿಯಿತು.

ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ತಿರುಚಿದ ಯಂತ್ರದಿಂದ ಹಣ ಕಳೆದುಕೊಂಡವರನ್ನು ಕಾಪಾಡುವುದು ಸರ್ಕಾರದ ಕರ್ತವ್ಯವೇ. ಆದರೂ ನ್ಯೂಯಾರ್ಕಿಗೂ ಬೆಂಗಳೂರಿಗೂ ಇರುವ ಒಂದು ಅಂತರ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಪ್ರಶ್ನೆ ಬಗೆಹರಿದದ್ದು ಆಟಗಾರನ ಬೆರಳಿನಿಂದ. ಇಲ್ಲಿ ತೀರ್ಪಿನ ತೂಕ ಬಿದ್ದದ್ದು ಮಾಲೀಕನ ಬೀಗದ ಕೈಯ ಮೇಲೆ. ಮೋಸದ ಯಂತ್ರದ ದೆಸೆಯಿಂದ ಪ್ರಾಮಾಣಿಕ ಯಂತ್ರದ ಆಟಗಾರನೂ ಅನುಮಾನದ ನೆರಳಿಗೆ ಬಂದ. ಒಂಬತ್ತು ತಿಂಗಳು ಕಳೆದು, 1996ರ ಜನವರಿಯಲ್ಲಿ, ಮದ್ರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಕುದುರೆ ಪಂದ್ಯ ಕೌಶಲದ ಆಟ ಎಂದಿತು. ಕುದುರೆಯ ತಳಿ, ಜಾಕಿಯ ತರಬೇತು, ಹಣ ಕಟ್ಟುವವನ ತಿಳಿವಳಿಕೆ ಎಲ್ಲ ಲೆಕ್ಕಕ್ಕೆ ಬಂತು. ಅಲ್ಲಿ ಹಣ ಕಟ್ಟಿದವನು ಕುದುರೆ ಏರುವುದೂ ಇಲ್ಲ, ಲಗಾಮು ಹಿಡಿಯುವುದೂ ಇಲ್ಲ. ಟೋಕನ್ ಹಾಕಿದ ಹುಡುಗ ಕೋಲನ್ನಾದರೂ ತಾನೇ ತಿರುಗಿಸುತ್ತಿದ್ದ!

ಮುಂದಿನದು ಇತ್ತೀಚಿನ ಮಾತು. ಆಟ ಮೊಬೈಲಿಗೆ ಹೋಯಿತು, ಪಂತ ಲಕ್ಷಗಳಿಗೆ ಏರಿತು, ಸಾಲ ಮಾಡಿ ಮನೆ ಹಾಳಾದವರ ಸುದ್ದಿಗಳು ಬಂದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕುದುರೆ ಪಂದ್ಯವನ್ನು ಮಾತ್ರ ಆಗಲೂ ಮುಟ್ಟಲಿಲ್ಲ. ಕೌಶಲದ ಆಟಗಳನ್ನೂ ಜೂಜಿನ ಸಾಲಿಗೆ ಸೇರಿಸಿದ್ದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 1957ರ ಪದಬಂಧದ ತೀರ್ಪುಗಳು ಅಲ್ಲೂ ಚರ್ಚೆಗೆ ಬಂದವು.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬೇರೆ ದಾರಿ ಹಿಡಿಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ, ನಿಷಿದ್ಧ. ಹಳೆಯ ಪ್ರಶ್ನೆಯನ್ನು ಕೇಳುವ ಗೋಜಿಗೇ ಅದು ಹೋಗಲಿಲ್ಲ. ಕಾಯ್ದೆಯ ವಿರುದ್ಧ ರಮ್ಮಿ ಕಂಪನಿಯೊಂದು ಮೊದಲು ಮೆಟ್ಟಿಲೇರಿದ್ದು ಬೆಂಗಳೂರಿನ ಹೈಕೋರ್ಟನ್ನೇ. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಮಾಲ್‌ನ ಕೊಕ್ಕೆಯ ಪೆಟ್ಟಿಗೆ ಆನ್‌ಲೈನ್ ಅಲ್ಲ, ಹಾಗಾಗಿ ಈ ಕಾಯ್ದೆ ಅದರ ತಂಟೆಗೆ ಬರುವುದಿಲ್ಲ. ಕರಡಿಮರಿ ಅಲ್ಲೇ ಬಿದ್ದಿದೆ. ಹುಡುಗ ಅಪ್ಪನ ಕೈಯಿಂದ ಕಾರ್ಡ್ ಇಸಿದುಕೊಂಡು ಇನ್ನೊಂದು ಸಲ ಉಜ್ಜುತ್ತಾನೆ.