ಒಂದೇ ಬಣ್ಣದ ಮದುವೆ: ಬಣ್ಣ ಆರಿಸುವುದು ಹೇಗೆ?

ಮಂಟಪ, ಹೂವು, ಮನೆಯವರ ಉಡುಗೆ ಎಲ್ಲವನ್ನೂ ಒಂದೇ ಬಣ್ಣದ ತಿಳಿ ಮತ್ತು ಗಾಢ ಛಾಯೆಗಳಲ್ಲಿ ಹೊಂದಿಸುವ ಮದುವೆಗಳು ಈಗ ಹಳ್ಳಿಗಳಿಗೂ ಬಂದಿವೆ. ಗಡಿಭಾಗದಲ್ಲಿ ಗಂಡಿನ ಮನೆಯ ಪದ್ಧತಿಯೇ ಬೇರೆ, ಹೆಣ್ಣಿನ ಮನೆಯದೇ ಬೇರೆ ಆಗಿರುವುದುಂಟು. ಆದ್ದರಿಂದ ಬಣ್ಣ ಆರಿಸುವ ಮೊದಲು ಶಾಸ್ತ್ರಕ್ಕೆ ಬೇಕಾದ ಬಟ್ಟೆ ಯಾವುದೆಂದು ಎರಡೂ ಕಡೆಯ ಹಿರಿಯರನ್ನು ಕೇಳುವುದು ಒಳ್ಳೆಯದು.

ಶಾಸ್ತ್ರದ ಬಣ್ಣಗಳು

ನೀಲಗಿರಿಯ ಬಡಗರಲ್ಲಿ ಸಾಂಪ್ರದಾಯಿಕ ಉಡುಗೆಯೇ ಬಿಳಿ. ಗಂಡಸರ ಮುಂಡಾಸು, ಹೆಂಗಸರ ಮುಂಡು ಎರಡೂ ಬಿಳಿಯವೇ. ಕೇರಳದಲ್ಲಿ ಜರಿ ಅಂಚಿನ ಕೆನೆಬಣ್ಣದ ಕಸವು ಸೀರೆಗೆ ಮದುವೆಯಲ್ಲಿ ಮಾನ್ಯತೆ ಇದೆ. ತೆಲುಗು ಪದ್ಧತಿಯ ಅನೇಕ ಮನೆಗಳಲ್ಲಿ ಮುಹೂರ್ತಕ್ಕೆ ವಧೂವರರು ಮಧುಪರ್ಕದ ಬಿಳಿ ಬಟ್ಟೆ ಉಡುತ್ತಾರೆ. ಅದಕ್ಕೆ ಹೆಚ್ಚಾಗಿ ಕೆಂಪು ಅಂಚು. ಮರಾಠಿ ಪದ್ಧತಿಯಲ್ಲಿ ವಧುವಿಗೆ ಹಳದಿ ಸೀರೆ, ಹಸಿರು ಬಳೆ.

ಇನ್ನು ಕೆಲವು ಮನೆಗಳಲ್ಲಿ ಹಿರಿಯರು ಬರೀ ಬಿಳಿಯನ್ನು ಸೂತಕದ ಬಣ್ಣವೆಂದು ಭಾವಿಸುತ್ತಾರೆ. ಒಂದು ಕಡೆ ಮಂಗಳವಾದದ್ದು ಇನ್ನೊಂದು ಕಡೆ ಮನಸ್ಸಿಗೆ ಚುಚ್ಚಬಹುದು. ಅಂಥಲ್ಲಿ ಮುಹೂರ್ತದ ಬಟ್ಟೆಯನ್ನು ಪದ್ಧತಿಯಂತೆಯೇ ಬಿಟ್ಟು, ಆರಿಸಿದ ಬಣ್ಣವನ್ನು ಅಲಂಕಾರಕ್ಕೆ ಮತ್ತು ಆರತಕ್ಷತೆಗೆ ಇಟ್ಟುಕೊಳ್ಳಬಹುದು.

ಛಾಯೆ ಹೊಂದಿಸುವಾಗ

ತಿಳಿ, ನಡುವಣ, ಗಾಢ ಎಂಬ ಮೂರು ಛಾಯೆ ಸಾಕು. ತಿಳಿಯದು ಮಂಟಪದ ಬಟ್ಟೆಗೆ, ನಡುವಣದು ಮನೆಯವರಿಗೆ, ಗಾಢವಾದದ್ದು ವಧೂವರರಿಗೆ ಇದ್ದರೆ ಅವರು ಎದ್ದು ಕಾಣುತ್ತಾರೆ. ಒಂದೇ ಬಣ್ಣ ರೇಷ್ಮೆಯಲ್ಲಿ ಒಂದು ತರಹ, ಹತ್ತಿಯಲ್ಲಿ ಇನ್ನೊಂದು ತರಹ ಕಾಣುತ್ತದೆ. ಬೇರೆ ಬೇರೆ ಸಲ ಬಣ್ಣ ಹಾಕಿದ ನೂಲಿನಲ್ಲೂ ವ್ಯತ್ಯಾಸ ಬರುತ್ತದೆ. ಹತ್ತು ಸೀರೆ ಒಂದೇ ತರಹ ಬೇಕಿದ್ದರೆ ಒಟ್ಟಿಗೇ ಕೊಳ್ಳಬೇಕು. ಅಂಗಡಿಯ ದೀಪದಲ್ಲಿ ನೋಡಿದ್ದನ್ನು ಹೊರಗೆ ಬಿಸಿಲಿಗೆ ತಂದು ಮತ್ತೊಮ್ಮೆ ನೋಡಬೇಕು.

ಹೂವು

ಹಳದಿಗೆ ಚೆಂಡುಹೂ, ಸೇವಂತಿಗೆ, ಬಿಳಿಗೆ ಮಲ್ಲಿಗೆ, ಸುಗಂಧರಾಜ, ಕೆಂಪಿಗೆ ಗುಲಾಬಿ. ತಾಳವಾಡಿ ಕಡೆಯವರಿಗೆ ಸತ್ಯಮಂಗಲದ ಮಲ್ಲಿಗೆ ಹತ್ತಿರ. ಹೊಸೂರು ಸೀಮೆಯಲ್ಲೇ ಗುಲಾಬಿ ಬೆಳೆಯುತ್ತದೆ. ನೀಲಿ ಹೂವು ಸುಲಭಕ್ಕೆ ಸಿಗದು. ನೀಲಿ ಆರಿಸಿದವರು ಬಿಳಿ ಹೂವಿಗೆ ನೀಲಿ ಬಟ್ಟೆ ಸೇರಿಸಬಹುದು. ತೋರಣದ ಹಸಿರು, ಅರಿಶಿನ, ಕುಂಕುಮ ಹೇಗೂ ಇದ್ದೇ ಇರುತ್ತವೆ. ಅವನ್ನು ಬಣ್ಣದ ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ನೆಂಟರಿಗೆ ಹೊರೆಯಾಗದಿರಲಿ

'ಎಲ್ಲರೂ ಇದೇ ಬಣ್ಣ ಉಟ್ಟು ಬನ್ನಿ' ಎಂದರೆ ಹೊಸ ಸೀರೆ ಕೊಳ್ಳಲಾಗದವರು ಮದುವೆಗೆ ಬರಲು ಹಿಂಜರಿಯುತ್ತಾರೆ. ನಿಯಮವನ್ನು ಮನೆಯ ನಾಲ್ಕಾರು ಜನಕ್ಕಷ್ಟೇ ಇಟ್ಟು, ಅವರ ಬಟ್ಟೆಯನ್ನು ಮದುವೆ ಮನೆಯವರೇ ಕೊಡಿಸುವುದು ಮೇಲು. ಉಳಿದವರಿಗೆ ಒಂದು ಮೊಳ ಹೂವೋ ಒಂದು ಶಲ್ಯವೋ ಆ ಬಣ್ಣದಲ್ಲಿ ಕೊಟ್ಟರೆ ಸಾಕು. ಪೆಟ್ಟಿಗೆಯಲ್ಲಿರುವ ಹಳೆಯ ರೇಷ್ಮೆ ಸೀರೆಯುಟ್ಟು ಬಂದ ಅಜ್ಜಿಯನ್ನೂ ಮುಂದಿನ ಸಾಲಿನಲ್ಲೇ ಕೂರಿಸಬೇಕು.